‘ಒತ್ತಡವಿತ್ತು’ ಎಂಬ ಮಾತಿನ ವಿಚಾರ

ಕಳೆದ ಚಾತುರ್ಮಾಸ್ಯದಲ್ಲಿ ನಮ್ಮ ದೇವಸ್ಥಾನದ ಪ್ರಾಂಗಣದಲ್ಲಿ ಗೀತೆಯ ಮೂರನೆಯ ಅಧ್ಯಾಯದ ಮೇಲೆ ಪ್ರವಚನ ನಡೆದುದು ಸಜ್ಜನ ಓದುಗರಿಗೆ ನೆನಪಿರಬಹುದು. ಕೊನೆಯ ದಿನ ಮಂಗಳವಾಗಿ, ಸಭಿಕರೆಲ್ಲರೂ ತೀರ್ಥಪ್ರಸಾದಕ್ಕೆಂದು ಎದ್ದ ಹೊತ್ತಿನಲ್ಲಿ, ಮಧ್ಯವಯಸ್ಸಿನ ಗೃಹಸ್ಥರೊಬ್ಬರು ಹಿಂದೆಯೇ ಉಳಿದರು. ಪ್ರವಚನಕಾರರು ಆಗಲೇ ಬಿಡಾರಕ್ಕೆ ಹೊರಟುಬಿಟ್ಟಿದ್ದರಾದುದರಿಂದ ಅವರ ಪ್ರಶ್ನೆ ನಮ್ಮ ಪಾಲಿಗೆ ಬಂದಿತು. “ಕಚೇರಿಯಲ್ಲಿ ಒತ್ತಡಕ್ಕೆ ಒಳಗಾಗಿ ಮಾಡಬಾರದ ಕೆಲಸವೊಂದನ್ನು ಮಾಡಿದ್ದೇನೆ. ಅದರ ಪಾಪ ನನ್ನದೋ, ಒತ್ತಡ ತಂದವರದೋ?” ಎಂದು ಅವರು ಕೇಳಿದರು. ಏನು ಕೆಲಸವೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಆದರೆ ಅವರ ಧ್ವನಿಯನ್ನು ಕೇಳಿದವರಾರೂ ಇದು ಕೇವಲ ತರ್ಕದ ಪ್ರಶ್ನೆಯೆಂದು ಭಾವಿಸಲಾರರು.

ಆ ದಿನ ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಮನೆಗೆ ಬಂದು ಯೋಚಿಸಿದಾಗ, ಉತ್ತರಕ್ಕಿಂತ ಮೊದಲು ಆ ಶಬ್ದವನ್ನೇ ವಿಚಾರಿಸಬೇಕೆಂದು ತೋರಿತು. ಈ ಬರಹ ಅದರ ಫಲ.

ಕನ್ನಡದಲ್ಲಿ ‘ಒತ್ತು’ ಎಂಬ ಕ್ರಿಯಾಪದಕ್ಕೆ ಬಹಳ ಮರ್ಯಾದೆಯ ಸ್ಥಾನವಿದೆ. ಶಿಷ್ಯನು ಗುರುಗಳ ಕಾಲೊತ್ತುತ್ತಾನೆ. ಪ್ರಸಾದದ ಹೂವನ್ನು ನಾವು ಕಣ್ಣಿಗೊತ್ತಿಕೊಳ್ಳುತ್ತೇವೆ. ನಿತ್ಯವೂ ಗೋಪೀಚಂದನದ ಮುದ್ರೆಯನ್ನು ಒತ್ತಿಕೊಳ್ಳುತ್ತೇವೆ; ಆಷಾಢ ಶುದ್ಧ ಏಕಾದಶಿಯಂದು ಕಾಯಿಸಿದ ಶಂಖಚಕ್ರಗಳ ಮುದ್ರೆಯನ್ನು ಭುಜದ ಮೇಲೆ ಒತ್ತಿಸಿಕೊಳ್ಳಲು ಮಕ್ಕಳನ್ನೂ ಕರೆದುಕೊಂಡು ಸಾಲಿನಲ್ಲಿ ನಿಲ್ಲುತ್ತೇವೆ. ಅಷ್ಟಮಿ ಬಂದರೆ ಮನೆಯಲ್ಲಿ ಚಕ್ಕುಲಿ ಒತ್ತುತ್ತಾರೆ. ಮಗುವಿಗೆ ಬಾವು ಬಂದರೆ ಬಿಸಿನೀರಿನ ಬಟ್ಟೆಯನ್ನು ಒತ್ತುತ್ತಾರೆ. ಅಕ್ಷರದ ಕೆಳಗೆ ಕುಳಿತು ಅದಕ್ಕೆ ಬಲ ಕೊಡುವ ವ್ಯಂಜನಕ್ಕೆ ಒತ್ತಕ್ಷರವೆನ್ನುತ್ತೇವೆ. ನಾಗಸ್ವರದವರ ಪಕ್ಕದಲ್ಲಿ ಕುಳಿತು ಒಂದೇ ಶ್ರುತಿಯನ್ನು ಬಿಡದೆ ಹಿಡಿಯುವ ವಾದ್ಯಕ್ಕೂ ಒತ್ತು ಎಂದೇ ಹೆಸರು. ಈ ಬಳಕೆಗಳಲ್ಲಿ ಒಂದು ಸಾಮಾನ್ಯ ಲಕ್ಷಣವಿದೆ. ಎಲ್ಲಿಯೂ ಒತ್ತುವವರು ಮರೆಯಾಗಿಲ್ಲ. ಕಾಲೊತ್ತುವ ಶಿಷ್ಯನಿದ್ದಾನೆ, ಬಟ್ಟೆಯೊತ್ತುವ ತಾಯಿಯಿದ್ದಾಳೆ, ಶ್ರುತಿ ಹಿಡಿಯುವ ಕಲಾವಿದನಿದ್ದಾನೆ.

‘ಒತ್ತಡ’ ಎಂಬ ನಾಮಪದಕ್ಕೆ ಬಂದೊಡನೆ ಆ ಕೈ ಅದೃಶ್ಯವಾಗುತ್ತದೆ. “ಒತ್ತಡವಿತ್ತು” ಎಂಬ ವಾಕ್ಯದಲ್ಲಿ ಒತ್ತಿದವರಾರು, ಒತ್ತಿಸಿಕೊಂಡವರಾರು, ಎಷ್ಟು ಒತ್ತಿದರು, ಯಾವುದೂ ಇಲ್ಲ. ಮಳೆ ಬಂತು, ಗಾಳಿ ಬೀಸಿತು ಎಂಬಂತೆ ಒತ್ತಡವಿತ್ತು. ಪತ್ರಿಕೆಗಳಲ್ಲಿ ದಿನಂಪ್ರತಿ ಓದುತ್ತೇವೆ: ಒತ್ತಡ ಹೇರಲಾಯಿತು, ಒತ್ತಡಕ್ಕೆ ಮಣಿಯಲಾಯಿತು. ಹೇರಿದವನೂ ಇಲ್ಲ, ಮಣಿದವನೂ ಇಲ್ಲ. ಅಡಿಗೆಮನೆಯಲ್ಲಿ ಪ್ರೆಷರ್ ಕುಕ್ಕರು, ವೈದ್ಯರಲ್ಲಿ ರಕ್ತದೊತ್ತಡ, ಕಚೇರಿಯಲ್ಲಿ ಕೆಲಸದ ಒತ್ತಡ, ಶಾಲಾಬಾಲಕನಿಗೆ ಪರೀಕ್ಷೆಯ ಒತ್ತಡ, ಮದುವೆಗೆ ಬರಲಾಗದ ನೆಂಟರಿಗೆ ಸಮಯದ ಒತ್ತಡ. ನಮ್ಮ ತಂದೆಯವರ ಕಾಲದ ಕಾಗದಗಳಲ್ಲಿ ‘ಕಾರ್ಯಬಾಹುಳ್ಯದಿಂದ ಬರಲಾಗಲಿಲ್ಲ’ ಎಂದಿರುತ್ತಿತ್ತು. ಕಾರ್ಯ ಬಹಳವಿತ್ತೆಂದರೆ ಯಾವ ಕಾರ್ಯವೆಂದು ಕೇಳಬಹುದು. ಒತ್ತಡವಿತ್ತೆಂದವರನ್ನು ಕೇಳುವುದೇನನ್ನು?

ಇನ್ನೊಂದು ನಷ್ಟವೂ ಆಗಿದೆ. ಹಿರಿಯರು ಇದೇ ಜಾಗದಲ್ಲಿ ಬಗೆಬಗೆಯ ಮಾತುಗಳನ್ನು ಬಳಸುತ್ತಿದ್ದರು: ಭಯ, ದಾಕ್ಷಿಣ್ಯ, ಮುಲಾಜು, ಹಂಗು, ಋಣ, ನಿರ್ಬಂಧ, ಬಲವಂತ, ಆಸೆ. ಇವು ಒಂದಲ್ಲ. ದಾಕ್ಷಿಣ್ಯಕ್ಕೆ ಸಿಕ್ಕಿದವನ ಪಾಡನ್ನು ಕುರಿತು ಗಾದೆಯೊಂದುಂಟು. ಈ ಪತ್ರಿಕೆಯಲ್ಲಿ ಬರೆಯತಕ್ಕುದಲ್ಲ, ಆದರೆ ಬಲ್ಲವರು ಬಲ್ಲರು. ಭಯದಿಂದ ಮಾಡಿದವನ ಸ್ಥಿತಿಗೂ ಆಸೆಯಿಂದ ಮಾಡಿದವನ ಸ್ಥಿತಿಗೂ ಅಜಗಜಾಂತರ. ಇಂದು ಈ ಎಲ್ಲ ಶಬ್ದಗಳನ್ನೂ ‘ಒತ್ತಡ’ವೊಂದೇ ನುಂಗಿ ಕುಳಿತಿದೆ. ಬಡ್ತಿಯ ಆಸೆಯಿಂದ ಸುಳ್ಳು ಬರೆದವನೂ ಕತ್ತಿಗೆ ಹೆದರಿ ಸುಳ್ಳು ಬರೆದವನೂ ಒಂದೇ ಮಾತಿನಿಂದ ತಮ್ಮನ್ನು ಸಮರ್ಥಿಸಿಕೊಳ್ಳಬಲ್ಲರು.

ಭೌತವಿಜ್ಞಾನದವರಿಂದ ಎರವಲು ತಂದ ಶಬ್ದವಿದು. ಆದರೆ ಅವರ ಶಿಸ್ತನ್ನು ನಾವು ತರಲಿಲ್ಲ. ಅವರಲ್ಲಿ ಒತ್ತಡವೆಂದರೆ ಬಲವನ್ನು ಅದು ಬಿದ್ದ ವಿಸ್ತೀರ್ಣದಿಂದ ಭಾಗಿಸಿ ಬಂದ ಮೊತ್ತ. ಅಳತೆಯಿಲ್ಲದೆ ಅಲ್ಲಿ ಒತ್ತಡವಿಲ್ಲ. 1643ರ ಸುಮಾರಿಗೆ ಇಟಲಿಯ ಟಾರಿಸೆಲ್ಲಿ ಎಂಬಾತ ಗಾಜಿನ ನಳಿಗೆಯಲ್ಲಿ ಪಾದರಸ ತುಂಬಿ ಬೋರಲು ನಿಲ್ಲಿಸಿ, ಸುಮಾರು 760 ಮಿಲಿಮೀಟರ್ ಎತ್ತರದ ಪಾದರಸವನ್ನು ನಮ್ಮ ಸುತ್ತಣ ವಾಯುವೇ ಎತ್ತಿ ಹಿಡಿದಿದೆಯೆಂದು ತೋರಿಸಿಕೊಟ್ಟ. ಲೆಕ್ಕ ಹಾಕಿದರೆ ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ಹೆಚ್ಚುಕಡಮೆ ಒಂದು ಕಿಲೋಗ್ರಾಂ ಭಾರ. ನೂರು ಚದರ ಸೆಂಟಿಮೀಟರಿನ ಅಂಗೈಯನ್ನು ಚಾಚಿ ತೀರ್ಥ ಸ್ವೀಕರಿಸುವಾಗ ಅದರ ಮೇಲೆ ಒಂದು ಕ್ವಿಂಟಾಲಿನಷ್ಟು ಗಾಳಿಯ ಭಾರವಿರುತ್ತದೆ. ಕೈ ಕುಸಿಯುವುದಿಲ್ಲ, ಕೆಳಗಿನಿಂದಲೂ ಗಾಳಿ ಅಷ್ಟೇ ಬಲದಿಂದ ಎತ್ತುತ್ತದೆ, ದೇಹದೊಳಗಿನ ದ್ರವಗಳೂ ಸಮನಾಗಿ ಎದುರೊತ್ತುತ್ತವೆ. ವೈದ್ಯರ ಅಳತೆಯೂ ಪಾದರಸದ ಮಿಲಿಮೀಟರಿನದೇ. 120, 80 ಎಂಬ ಅಂಕಿಗಳನ್ನು ಈಗ ಎಲ್ಲ ಮನೆಗಳ ಹಿರಿಯರೂ ಬಲ್ಲರು. “ನನಗೆ ಬಿ.ಪಿ. ಇದೆ” ಎಂದು ಹೇಳುವುದುಂಟು. ಬಿ.ಪಿ. ಇಲ್ಲದವರು ಹಾಗೆ ಹೇಳಲು ಬದುಕಿರುವುದಿಲ್ಲ. ಕುಕ್ಕರಿನೊಳಗೆ ಒತ್ತಡ ವಾಯುಮಂಡಲದ ಎರಡರಷ್ಟಾದಾಗ ನೀರು 100ರ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ, ಬೇಳೆ ಬೇಗ ಬೇಯುತ್ತದೆ. (ಮಡಿಯ ಅಡಿಗೆಗೆ ಕುಕ್ಕರು ಸಲ್ಲುವುದೋ ಇಲ್ಲವೋ ಎಂಬ ಚರ್ಚೆಗೆ ನಾವು ಈಗ ಕೈ ಹಾಕುವುದಿಲ್ಲ.) ಅಂತೂ ಒತ್ತಡವೆಂಬುದು ತಾನಾಗಿ ಕೆಟ್ಟುದಲ್ಲ. ಎಷ್ಟು, ಯಾವುದರ ಮೇಲೆ, ಒಳಗಿನಿಂದ ಎದುರೊತ್ತುವುದೇನು ಎಂಬ ಪ್ರಶ್ನೆಗಳು ಮಾತ್ರ ಅದರ ಜೊತೆಗೇ ಬರತಕ್ಕವು.

ಈ ಪ್ರಶ್ನೆಗಳನ್ನು ನಮಗೆ ಕಲಿಸಿದವರು ವಿಜ್ಞಾನಿಗಳಲ್ಲ, ನಮ್ಮ ತಾಯಿಯವರು. ಆ ಸಂಗತಿಯನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಆದರೂ ಬೇರೆಯವರ ಪ್ರಶ್ನೆಗೆ ಉತ್ತರ ಹೇಳ ಹೊರಟವರು ತಮ್ಮದನ್ನು ಮುಚ್ಚಿಡುವುದು ತರವಲ್ಲ.

1984ರಲ್ಲಿ ನಾವು ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದೆವು. ಮಾರ್ಚಿ ತಿಂಗಳ ಕೊನೆಯಲ್ಲಿ ಆ ಕಚೇರಿಯ ಉಗ್ರಾಣದ ದಾಸ್ತಾನನ್ನು ಎಣಿಸಿ, ಪುಸ್ತಕದೊಡನೆ ಸರಿಹೋಗುವುದೆಂದು ರುಜು ಮಾಡುವುದು ನಮ್ಮ ಕೆಲಸ. ಕೊನೆಯ ದಿನ ಸಂಜೆಯಾಗಿತ್ತು, ಎಣಿಕೆ ಆಗಿರಲಿಲ್ಲ. ಮೇಲಧಿಕಾರಿಗಳು ಪುಸ್ತಕವನ್ನು ನಮ್ಮ ಮೇಜಿನ ಮೇಲಿಟ್ಟು, “ರುಜು ಹಾಕಿಬಿಡಿ, ಇಂದೇ ಹೋಗಬೇಕು. ನಿಮಗೂ ಊರಿನ ಬಸ್ಸು ಹಿಡಿಯಬೇಕಲ್ಲವೇ?” ಎಂದರು. ಗದರಿಸಲಿಲ್ಲ, ಬೆದರಿಸಲಿಲ್ಲ. ಲೇಖನಿಯ ಮುಚ್ಚಳವನ್ನು ತಾವೇ ತೆಗೆದುಕೊಟ್ಟರು. ನಾವು ರುಜು ಹಾಕಿದೆವು. ಮುಂದಿನ ವಾರ ಉಗ್ರಾಣಕ್ಕೆ ಹೊಸ ಕಾವಲುಗಾರನೊಬ್ಬ ಬಂದ. ಆಷಾಢದಲ್ಲಿ ತಪಾಸಣೆಯಾಗಿ ಹಲವು ಮೂಟೆಗಳು ಇಲ್ಲವೆಂದು ಬಯಲಾಯಿತು. ಮಾರ್ಚಿಯ ಕೊನೆಗೆ ಎಲ್ಲವೂ ಸರಿಯಿತ್ತೆಂದು ನಮ್ಮ ರುಜುವೇ ಸಾಕ್ಷಿ ಹೇಳುತ್ತಿದ್ದುದರಿಂದ, ನಷ್ಟ ಅನಂತರದ್ದೆಂದು ತೀರ್ಮಾನವಾಗಿ, ಕಾವಲುಗಾರನನ್ನು ಅಮಾನತಿನಲ್ಲಿಟ್ಟರು.

ಶ್ರಾವಣ ಬಂತು. ಅಷ್ಟಮಿಯ ಹಿಂದಿನ ದಿನ ನಮ್ಮ ತಾಯಿಯವರು ಅಡಿಗೆಮನೆಯಲ್ಲಿ ಚಕ್ಕುಲಿ ಒತ್ತುತ್ತಿದ್ದರು. ಕಾವಲುಗಾರನ ಹೆಂಡತಿ ಬಂದು ಅತ್ತುಹೋದ ವಿಷಯವನ್ನು ಅವರು ಎತ್ತಿದರು. ನಾವು ಎಲ್ಲವನ್ನೂ ಹೇಳಿ, “ಏನು ಮಾಡುವುದಮ್ಮ, ಒತ್ತಡವಿತ್ತು” ಎಂದೆವು. ಅವರು ತಲೆ ಎತ್ತದೆಯೇ ಕೇಳಿದರು: “ಯಾರೋ ಒತ್ತಿದವರು?” ಹೆಸರು ಹೇಳಿದೆವು. “ಎಷ್ಟು ಒತ್ತಿದರು?” ಅದಕ್ಕೆ ನಮ್ಮಲ್ಲಿ ಮಾತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೈಯಲ್ಲಿದ್ದ ಒರಳನ್ನು ತೋರಿಸಿ, “ಈ ಹಿಟ್ಟಿಗೆ ಬೇರೆ ದಾರಿ ಇಲ್ಲ, ಒತ್ತಿದರೆ ಆ ತೂತಿನಿಂದಲೇ ಬರಬೇಕು. ನೀನು ಹಿಟ್ಟೇನೋ?” ಎಂದರು. ಅಷ್ಟೇ, ಮತ್ತೆ ಆ ವಿಷಯವನ್ನು ಅವರು ಎತ್ತಲಿಲ್ಲ, ಊಟಕ್ಕೆ ಬಡಿಸುವಾಗ ಮುಖ ನೋಡಿ ಮಾತನಾಡಲೂ ಇಲ್ಲ.

ಹಬ್ಬ ಕಳೆದ ಮೇಲೆ ನಾವು ಹೋಗಿ, ಎಣಿಸದೆಯೇ ರುಜು ಮಾಡಿದೆವೆಂದು ಬರೆದುಕೊಟ್ಟೆವು. ಒಂದು ವರ್ಷದ ವೇತನಬಡ್ತಿಯನ್ನು ತಡೆದರು. ಮಾರ್ಚಿಯ ಆ ಸಂಜೆ ನಮ್ಮ ಮೇಲಿದ್ದ ಒತ್ತಡದ ಪ್ರಮಾಣವೆಷ್ಟೆಂದು ಆಗ ತಿಳಿಯಿತು: ಹೆಚ್ಚೆಂದರೆ ಒಂದು ವೇತನಬಡ್ತಿ, ಒಂದು ತಪ್ಪಿದ ಬಸ್ಸು, ಒಬ್ಬರ ಸಿಡುಕು. ಕಾವಲುಗಾರನನ್ನು ಕೆಲವು ತಿಂಗಳ ಮೇಲೆ ಕೆಲಸಕ್ಕೆ ತೆಗೆದುಕೊಂಡರು. ಆ ನಡುವೆ ಅವನ ಹಿರಿಯ ಮಗಳು ಶಾಲೆ ಬಿಟ್ಟು ಮನೆಗೆಲಸಕ್ಕೆ ಸೇರಿದ್ದಳು. ಅವಳು ಮತ್ತೆ ಶಾಲೆಗೆ ಹೋಗಲಿಲ್ಲ. ಇದನ್ನು ನಾವು ಯಾವ ಬರಹದಿಂದಲೂ ತಿದ್ದಲಾರೆವು.

ಇರಲಿ. ಬಲಾತ್ಕಾರವೆಂಬುದೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಬಲದಿಂದ ಕೊಡಿಸಿದ್ದು, ಬಲದಿಂದ ಭೋಗಿಸಿದ್ದು, ಬಲದಿಂದ ಬರೆಯಿಸಿದ್ದು, ಇವೆಲ್ಲ ಆಗದವುಗಳಿಗೆ ಸಮಾನವೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವೇ ಹೇಳುತ್ತದೆ. 1872ರ ಕರಾರು ಕಾಯಿದೆಯೂ ಬಲಾತ್ಕಾರದಿಂದ, ಅನುಚಿತ ಪ್ರಭಾವದಿಂದ ಪಡೆದ ಒಪ್ಪಿಗೆಯನ್ನು ರದ್ದುಪಡಿಸಲು ಅವಕಾಶ ಕೊಡುತ್ತದೆ. ಅಪರಾಧದ ವಿಷಯದಲ್ಲಿ ಮಾತ್ರ ಬಾಗಿಲು ಬಹಳ ಕಿರಿದು. 1860ರ ದಂಡಸಂಹಿತೆಯ 94ನೆಯ ಕಲಮಿನಲ್ಲಿದ್ದು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 32ನೆಯದಾಗಿ ಮುಂದುವರಿದಿರುವ ನಿಯಮವನ್ನು ನೋಡಬಹುದು: ಆ ಕ್ಷಣದಲ್ಲೇ ಪ್ರಾಣ ಹೋಗುವುದೆಂಬ ಸಕಾರಣವಾದ ಭಯವಿದ್ದರೆ ಮಾತ್ರ ವಿನಾಯಿತಿ, ಕೊಲೆಗೆ ಅದೂ ಇಲ್ಲ. ಅಂಥ ಪರಿಸ್ಥಿತಿಯಲ್ಲಿ ತನ್ನನ್ನು ತಾನೇ ತಂದು ನಿಲ್ಲಿಸಿಕೊಂಡವನಿಗೂ ಇಲ್ಲ. ಮೇಲಧಿಕಾರಿಯ ಸಿಡುಕು ಈ ಬಾಗಿಲಿನಲ್ಲಿ ತೂರುವುದಿಲ್ಲ. ನಮ್ಮ ಮಾತುಕತೆಯ ‘ಒತ್ತಡ’ಕ್ಕಾದರೋ ದೇವಸ್ಥಾನದ ಮಹಾದ್ವಾರದಷ್ಟು ಅಗಲದ ಬಾಗಿಲು, ತೇರು ಬೇಕಾದರೂ ಹೋದೀತು.

ತನ್ನನ್ನು ತಾನೇ ತಂದು ನಿಲ್ಲಿಸಿಕೊಂಡವನು ಎಂದಾಗ ಭೀಷ್ಮರ ನೆನಪಾಗದಿರದು. ಯುದ್ಧದ ಮೊದಲ ದಿನ ಧರ್ಮರಾಜನು ಶಸ್ತ್ರಗಳನ್ನಿಳಿಸಿ ಎದುರುಸೇನೆಯತ್ತ ನಡೆದು ಅವರಿಗೆ ನಮಸ್ಕರಿಸಿದಾಗ, ಆ ಮಹಾನುಭಾವರು ಹೇಳಿದುದೇನು? ಮನುಷ್ಯನು ಅರ್ಥಕ್ಕೆ ದಾಸ, ಕೌರವರು ನನ್ನನ್ನು ಅರ್ಥದಿಂದ ಕಟ್ಟಿಹಾಕಿದ್ದಾರೆ, ಎಂದು. ದ್ರೋಣರೂ ಕೃಪರೂ ಶಲ್ಯನೂ ಅದನ್ನೇ ಹೇಳಿದರು. ಇಂದಿನ ಭಾಷೆಗೆ ತಂದರೆ, ‘ಒತ್ತಡವಿತ್ತು’. ಒಂದು ವ್ಯತ್ಯಾಸವನ್ನು ಗಮನಿಸಬೇಕು: ಅವರು ಒತ್ತಿದ್ದನ್ನು ಹೆಸರಿಟ್ಟು ಹೇಳಿದರು. ಅರ್ಥ ಎಂದರು, ಯಾರದ್ದೆಂದೂ ಹೇಳಿದರು. ಅಷ್ಟರ ಮಟ್ಟಿಗೆ ಅವರು ನಮಗಿಂತ ಪ್ರಾಮಾಣಿಕರು. ಆದರೂ ಆ ಮಾತಿನಿಂದ ದ್ಯೂತಸಭೆಯ ಅವರ ಮೌನ ತೊಳೆದುಹೋಯಿತೇ?

ಅದೇ ಸಭೆಯನ್ನು ಇನ್ನೊಮ್ಮೆ ನೋಡೋಣ. ದ್ರೌಪದೀದೇವಿ ಪ್ರಶ್ನೆ ಕೇಳಿದಳು. ಭೀಷ್ಮರು ಧರ್ಮ ಸೂಕ್ಷ್ಮವೆಂದರು. ವಿದುರನು ಅದೇ ಅರಮನೆಯ ಅನ್ನ ಉಂಡವನು, ಭೀಷ್ಮರ ಬಲವಾಗಲಿ ಸ್ಥಾನವಾಗಲಿ ಇಲ್ಲದವನು. ಅವನು ನೇರವಾಗಿ ಅಧರ್ಮವೆಂದ. ಅವನಿಗಿಂತಲೂ ಆಶ್ಚರ್ಯ ವಿಕರ್ಣನದು. ದುರ್ಯೋಧನನ ಸ್ವಂತ ತಮ್ಮ. ನೂರು ಮಂದಿ ಅಣ್ಣತಮ್ಮಂದಿರ ನಡುವೆ ಎದ್ದು ನಿಂತು ಇವಳನ್ನು ಗೆದ್ದಂತಾಗಲಿಲ್ಲವೆಂದ. ಕರ್ಣನಿಂದ ಬೈಸಿಕೊಂಡು ಕುಳಿತ. ಸಭೆ ಒಂದೇ, ರಾಜ ಒಬ್ಬನೇ, ಸುತ್ತಣ ವಾಯು ಒಂದೇ. ಆದರೆ ಒಳಗಿನಿಂದ ಎದುರೊತ್ತುವುದು ಒಬ್ಬೊಬ್ಬರಲ್ಲಿ ಒಂದೊಂದು. ಹಾಗಾದರೆ ಮೌನಕ್ಕೆ ಕಾರಣ ಒತ್ತಡವೆಂದು ಮಾತ್ರ ಹೇಳಿ ಮುಗಿಸಲಾಗದು. (ವಿಕರ್ಣನ ಕಥೆಯೂ ಅಲ್ಲಿಗೇ ಸುಖವಾಗಿ ಮುಗಿಯುವುದಿಲ್ಲ. ಅವನು ಅಣ್ಣನ ಪಕ್ಷದಲ್ಲೇ ಕಾದಿ ಭೀಮಸೇನದೇವರ ಕೈಯಲ್ಲಿ ಮಡಿದ. ತಮ್ಮ ಪ್ರತಿಜ್ಞೆಗಾಗಿ ಅವನನ್ನೂ ಕೊಲ್ಲಬೇಕಾಯಿತೆಂದು ಭೀಮಸೇನದೇವರು ಮರುಗಿದುದನ್ನು ದ್ರೋಣಪರ್ವ ಹೇಳುತ್ತದೆ. ಸಭೆಯಲ್ಲಿ ಮಾತನಾಡಿದವನನ್ನು ಅವರು ಮರೆತಿರಲಿಲ್ಲ.)

ಪ್ರವಚನಕ್ಕೆ ವಿಷಯವಾಗಿದ್ದ ಮೂರನೆಯ ಅಧ್ಯಾಯದಲ್ಲಿ ಅರ್ಜುನನ ಪ್ರಶ್ನೆಯೂ ಇದೇ ತಾನೇ? ಮನುಷ್ಯನು ತನಗೆ ಇಷ್ಟವಿಲ್ಲದಿದ್ದರೂ ಯಾರಿಂದ ಪ್ರೇರಿತನಾಗಿ, ಬಲಾತ್ಕಾರಕ್ಕೆ ಸಿಕ್ಕಿದವನಂತೆ, ಪಾಪವನ್ನಾಚರಿಸುತ್ತಾನೆ ಎಂದು ಆತ ಕೇಳುತ್ತಾನೆ. ಸಿಕ್ಕಿದವನ‘ಂತೆ’ ಎಂಬಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕೆಂದು ನಮ್ಮ ಪ್ರಾರ್ಥನೆ. ಬಲಾತ್ಕಾರಕ್ಕೆ ಸಿಕ್ಕಿ ಎಂದು ಅರ್ಜುನ ಹೇಳಲಿಲ್ಲ. ಕೇಳುವವನಿಗೇ ಅದು ಪೂರ್ತಿ ಬಲಾತ್ಕಾರವಲ್ಲವೆಂಬ ಅರಿವಿತ್ತು. ಉತ್ತರದಲ್ಲಿ ಪರಮಾತ್ಮನು ದುರ್ಯೋಧನನತ್ತ ಬೆರಳು ತೋರಲಿಲ್ಲ. ರಜೋಗುಣದಿಂದ ಹುಟ್ಟಿದ ಕಾಮಕ್ರೋಧಗಳನ್ನು ತೋರಿದ. ಹೊರಗಿನ ಕೈ ಒತ್ತುವುದು ನಮ್ಮೊಳಗಿನ ಯಾವುದೋ ಆಸೆಯ ಮೇಲೆ, ಯಾವುದೋ ಭಯದ ಮೇಲೆ. ಆಸೆಯಿಲ್ಲದವನಿಗೆ ಲಂಚದ ಒತ್ತಡವೆಂಬುದಿಲ್ಲ. ಬಸ್ಸು ಹಿಡಿಯುವ ಆತುರವಿಲ್ಲದಿದ್ದರೆ ಆ ಸಂಜೆ ನಮ್ಮ ಮೇಲಧಿಕಾರಿಗಳ ಮಾತಿಗೆ ಹಿಡಿತವೆಲ್ಲಿ ಸಿಗುತ್ತಿತ್ತು?

ಇಲ್ಲಿ ಮಾಧ್ವರಾದ ನಮಗೆ ವಿಶೇಷವಾಗಿ ಒಂದು ಆಕ್ಷೇಪ ಬರುತ್ತದೆ, ಮತ್ತು ಅದನ್ನು ನಮ್ಮ ಮನೆಯ ತರುಣರು ಸುಮ್ಮನೆ ಬಿಡುವುದಿಲ್ಲ. ಹರಿಯ ಪ್ರೇರಣೆಯಿಲ್ಲದೆ ತೃಣವೂ ಚಲಿಸದೆಂದು ಹೇಳುವವರು ನೀವು. ಹಾಗಾದರೆ ಅದಕ್ಕಿಂತ ದೊಡ್ಡ ಒತ್ತಡ ಯಾವುದು, ರುಜು ಹಾಕಿದವನ ಹೊಣೆಯೆಲ್ಲಿ, ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ಶ್ರೀಮದಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಎದುರಿಸಿದ್ದಾರೆ. ಜೀವನು ಕರ್ತೃವೇ ಹೌದು. ಇಲ್ಲವಾದರೆ ಇದನ್ನು ಮಾಡು, ಇದನ್ನು ಮಾಡಬೇಡ ಎಂಬ ಶಾಸ್ತ್ರಕ್ಕೆ ಅರ್ಥವೇ ಇರದು. ಆ ಕರ್ತೃತ್ವ ಪರಾಧೀನ. ಬಡಗಿಯ ದೃಷ್ಟಾಂತವನ್ನು ಅವರು ವಿವರಿಸುವ ಬಗೆ ಸೊಗಸಾದುದು: ಮಾಡಿಸುವವನ ಅಧೀನದಲ್ಲಿ ಬಡಗಿ ಕೆಲಸ ಮಾಡುತ್ತಾನೆ, ಆದರೂ ಮಾಡುವವನು ಅವನೇ. ನಾವು ಇದನ್ನು ನಮ್ಮ ಅನುಭವಕ್ಕೆ ಹೀಗೆ ತಂದುಕೊಳ್ಳುತ್ತೇವೆ. ಮನೆ ಯಾರದ್ದೋ, ಮರ ಯಾರದ್ದೋ, ಕೂಲಿ ಕೊಡುವವರು ಯಾರೋ. ಬಾಗಿಲು ಸರಿಯಾಗಿ ಕೂರದಿದ್ದರೆ ಮಾತ್ರ ಕರೆಸುವುದು ಬಡಗಿಯನ್ನೇ. ಅವನೂ “ನಾನು ಮಾಡಿದ್ದಲ್ಲ” ಎನ್ನುವುದಿಲ್ಲ, ಉಳಿ ತೆಗೆದುಕೊಂಡು ಬರುತ್ತಾನೆ. ಪರಾಧೀನತೆ ಬೇರೆ, ಹಿಟ್ಟಿನಂತೆ ಒತ್ತಲ್ಪಡುವುದು ಬೇರೆ. ಹರಿಚಿತ್ತವೆಂಬ ಮಾತನ್ನು ಬಂದ ಸುಖದುಃಖಗಳನ್ನು ಸ್ವೀಕರಿಸುವಾಗ ಹೇಳುವುದು ಭಕ್ತಿ. ಎಣಿಸದ ಮೂಟೆಗಳ ಎದುರಿಗೆ ಹೇಳುವುದು ಭಕ್ತಿಯಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಒತ್ತಿದವರು ಪಾರಾದರೆಂದು ಯಾರೂ ತಿಳಿಯಬಾರದು. ಹೊಣೆಯೆಂಬುದು ಒಬ್ಬನಿಗೆ ಬಡಿಸಿದರೆ ಇನ್ನೊಬ್ಬನಿಗೆ ಕಡಮೆಯಾಗುವ ಪಾಯಸವಲ್ಲ. ಮಾಡಿದವನು, ಮಾಡಿಸಿದವನು, ಪ್ರೇರಿಸಿದವನು, ಅನುಮೋದಿಸಿದವನು, ನಾಲ್ವರೂ ಫಲದಲ್ಲಿ ಸಮಭಾಗಿಗಳೆಂದು ಹಿರಿಯರು ಹೇಳುತ್ತಾರೆ. ವಿಚಿತ್ರವೇನೆಂದರೆ, ‘ನನ್ನ ಮೇಲೆ ಒತ್ತಡವಿತ್ತು’ ಎನ್ನುವವರು ಊರ ತುಂಬ ಸಿಗುತ್ತಾರೆ. ‘ನಾನು ಒತ್ತಡ ಹಾಕಿದೆ’ ಎನ್ನುವವರು ಒಬ್ಬರೂ ಸಿಗುವುದಿಲ್ಲ. ಒತ್ತುವವರು ಅದಕ್ಕೆ ಹಿತನುಡಿ, ವಾತ್ಸಲ್ಯ, ಕಾಳಜಿ, ಪದ್ಧತಿ ಮುಂತಾದ ಹೆಸರುಗಳನ್ನು ಇಟ್ಟಿರುತ್ತಾರೆ. ನಾವೂ ಇಟ್ಟಿದ್ದೆವು.

ನಮ್ಮ ತಂಗಿಯ ಮಗ ಚಿಕ್ಕಂದಿನಲ್ಲಿ ತಂದೆಯನ್ನು ಕಳೆದುಕೊಂಡು ನಮ್ಮ ಮನೆಯಲ್ಲೇ ಬೆಳೆದ. ಇತಿಹಾಸವೆಂದರೆ ಅವನಿಗೆ ಪ್ರಾಣ. ಪಿಯುಸಿ ಮುಗಿದಾಗ ಇಂಜಿನಿಯರಿಂಗಿಗೆ ಸೇರಿದ. ಇಂದು ಒಳ್ಳೆಯ ನೌಕರಿಯಲ್ಲಿದ್ದಾನೆ. ಎರಡು ವರ್ಷಗಳ ಹಿಂದೆ ಶ್ರಾದ್ಧಕ್ಕೆ ಬಂದವನು, ಊಟವಾದ ಮೇಲೆ ಜಗಲಿಯಲ್ಲಿ ಕುಳಿತಿದ್ದಾಗ ಏನೋ ಮಾತಿಗೆ, “ಆಗ ಒತ್ತಡವಿತ್ತು ಮಾವ” ಎಂದ. ನಮಗೆ ಕೋಪ ಬಂತು. ನಾವು ಒಂದು ದಿನವಾದರೂ ಬಲವಂತ ಮಾಡಿದ್ದೇವೆಯೇ ಎಂದು ಕೇಳಿದೆವು. ಅವನು ನಕ್ಕು, “ಮಾಡಲಿಲ್ಲ ಮಾವ. ಅದೇ ಕಷ್ಟವಾದದ್ದು. ಬಲವಂತ ಮಾಡಿದ್ದರೆ ನಾನು ಇಲ್ಲ ಎನ್ನಬಹುದಿತ್ತು” ಎಂದ.

ಆ ಮಾತನ್ನು ನಾವು ಇನ್ನೂ ಅರಗಿಸಿಕೊಳ್ಳುತ್ತಿದ್ದೇವೆ. ನಾವು ಮಾಡಿದ್ದೇನು? ನೆರೆಯವರ ಮಗನ ಅಂಕಗಳನ್ನು ಊಟದ ಹೊತ್ತಿನಲ್ಲಿ ಪ್ರಸ್ತಾಪಿಸಿದೆವು. ಅವನ ತಾಯಿಯ ಕಷ್ಟಗಳನ್ನು ಅವನಿಗೆ ಕೇಳುವಂತೆ ಬೇರೆಯವರಲ್ಲಿ ಹೇಳಿಕೊಂಡೆವು. ಅರ್ಜಿಯ ಕಾಗದವನ್ನು ತಂದು, ಏನೂ ಹೇಳದೆ, ಅವನ ಪುಸ್ತಕದ ಮೇಲಿಟ್ಟೆವು. ಮೇಜಿನ ಮೇಲೆ ದಾಸ್ತಾನು ಪುಸ್ತಕವಿಟ್ಟು ಲೇಖನಿಯ ಮುಚ್ಚಳ ತೆಗೆದುಕೊಟ್ಟ ಆ ಅಧಿಕಾರಿಗಳಿಗೂ ನಮಗೂ ಏನು ಅಂತರವೆಂದು ಆಲೋಚಿಸಿದರೆ, ನಾವು ಅವನ ಹಿತವನ್ನು ಬಯಸಿದ್ದೆವೆಂಬುದೊಂದು ಸಿಗುತ್ತದೆ. ಅದು ಸಣ್ಣ ಅಂತರವಲ್ಲ. ಆದರೆ ಅವನ ಹೆಗಲಿನ ಮೇಲೆ ಬಿದ್ದ ಭಾರ ಅದರಿಂದ ಹಗುರವಾಗಲಿಲ್ಲ. ಅವನೇನು ಹಿಟ್ಟಾಗಿದ್ದನೇ ಎಂದು ಕೇಳಬಹುದು. ಹದಿನೇಳು ವರ್ಷದ ತಬ್ಬಲಿ ಹುಡುಗನಿಗೂ ಮೂವತ್ತರ ಗುಮಾಸ್ತನಿಗೂ ಎದುರೊತ್ತುವ ಶಕ್ತಿ ಒಂದೇ ಎಂದು ಅಳೆಯುವುದು ನ್ಯಾಯವಲ್ಲ. ನಮ್ಮ ತಾಯಿಯವರಿದ್ದಿದ್ದರೆ ಈ ಸಲ “ಯಾರೋ ಒತ್ತಿದವರು?” ಎಂದು ಅವನನ್ನು ಕೇಳುತ್ತಿರಲಿಲ್ಲ.

ಬರಿಯ ಮಾತಿನ ಒತ್ತಡ ಎಷ್ಟು ದೂರ ಹೋಗಬಹುದೆಂಬುದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1961ರಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಎಂಬ ಮನಶ್ಶಾಸ್ತ್ರಜ್ಞರು ಪರೀಕ್ಷಿಸತೊಡಗಿದರು. ತಪ್ಪು ಉತ್ತರ ಹೇಳಿದವನಿಗೆ ವಿದ್ಯುದಾಘಾತ ಕೊಡಬೇಕೆಂದು ಸಾಮಾನ್ಯ ಜನರಿಗೆ ಹೇಳಲಾಯಿತು. ಪ್ರತಿ ತಪ್ಪಿಗೂ ಪ್ರಮಾಣ ಏರಿಸಬೇಕು. ಆಘಾತ ನಿಜವಾದುದಲ್ಲ, ಆದರೆ ಕೊಡುವವರಿಗೆ ಅದು ತಿಳಿಯದು. ಹಿಂಜರಿದರೆ, ಪಕ್ಕದಲ್ಲಿದ್ದ ಅಧಿಕಾರಿಯ ವೇಷದವನು ಮುಂದುವರಿಸಬೇಕೆಂದು ಶಾಂತವಾಗಿ ಹೇಳುತ್ತಿದ್ದ, ಅಷ್ಟೇ. ಮೊದಲು ಪ್ರಕಟವಾದ ಪ್ರಯೋಗದಲ್ಲಿ 40 ಮಂದಿಯಲ್ಲಿ 26 ಮಂದಿ ಕಟ್ಟಕಡೆಯ 450 ವೋಲ್ಟಿನವರೆಗೆ ಹೋದರು. ಜನರನ್ನು ಹೀಗೆ ವಂಚಿಸಿ ನಡೆಸಿದ ಪ್ರಯೋಗದ ಬಗ್ಗೆ ಆಕ್ಷೇಪಗಳು ಬಂದಿವೆ, ಸರಿಯಾಗಿಯೇ ಬಂದಿವೆ. ಆದರೆ ಅದರ ಇನ್ನೊಂದು ಭಾಗವನ್ನು ಜನ ಅಷ್ಟಾಗಿ ಹೇಳುವುದಿಲ್ಲ. ಪಕ್ಕದಲ್ಲಿ ಕುಳಿತ ಇನ್ನಿಬ್ಬರು “ನಾವು ಮಾಡುವುದಿಲ್ಲ” ಎಂದು ಎದ್ದಾಗ, 40ರಲ್ಲಿ 4 ಮಂದಿ ಮಾತ್ರ ಕೊನೆಯವರೆಗೆ ಹೋದರು. ಅಧಿಕಾರಿ ಅವನೇ, ಮಾತೂ ಅದೇ. ಬದಲಾದುದು ಪಕ್ಕದಲ್ಲಿದ್ದವರು.

ಕನ್ನಡಕ್ಕೆ ಇದು ಮೊದಲೇ ಗೊತ್ತಿತ್ತೋ ಏನೋ. ಪಕ್ಕದಲ್ಲಿ ನಿಂತು ಬಲ ಕೊಡುವುದಕ್ಕೆ ನಾವು ಒತ್ತಾಸೆಯೆನ್ನುತ್ತೇವೆ. ಒತ್ತಡ, ಒತ್ತಾಯ, ಒತ್ತಾಸೆ: ಕಿವಿಗಂತೂ ಒಂದೇ ಮನೆಯ ಮಕ್ಕಳಂತೆ ಕೇಳುತ್ತವೆ. ವಿಕರ್ಣನ ಮಾತಿಗೆ ಆ ಸಭೆಯಲ್ಲಿ ಭೀಷ್ಮದ್ರೋಣರ ಒತ್ತಾಸೆ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ನಾವು ಬಹಳ ಸಲ ಯೋಚಿಸಿದ್ದೇವೆ. ಆ ಮಾರ್ಚಿಯ ಸಂಜೆ ನಮ್ಮ ಕೊಠಡಿಯಲ್ಲಿ ಇನ್ನೂ ಮೂವರು ಗುಮಾಸ್ತರಿದ್ದರು; ಎಲ್ಲರೂ ತಮ್ಮ ತಮ್ಮ ಕಡತಗಳಲ್ಲಿ ಮುಖ ಹುದುಗಿಸಿದ್ದರು. ಅವರನ್ನು ದೂರುತ್ತಿಲ್ಲ. ಬೇರೆ ದಿನಗಳಲ್ಲಿ, ಬೇರೆಯವರ ಮೇಜಿನ ಮೇಲೆ ಪುಸ್ತಕ ಬಂದಾಗ, ನಾವೂ ಹಾಗೆಯೇ ಮುಖ ಹುದುಗಿಸಿದ್ದೆವು.

ಪ್ರಶ್ನೆ ಕೇಳಿದ ಗೃಹಸ್ಥರು ಎರಡು ವಾರ ಬರಲಿಲ್ಲ. ಮೂರನೆಯ ಶನಿವಾರ ಸಂಜೆ ಪ್ರದಕ್ಷಿಣೆ ಮುಗಿಸಿ ನಮ್ಮನ್ನು ಕಂಡರು. ಜೇಬಿನಿಂದ ಮಡಿಸಿದ ಕಾಗದ ತೆಗೆದು, ಕಚೇರಿಗೆ ಕೊಡಬೇಕೆಂದು ಬರೆದಿದ್ದೇನೆ, ಒಮ್ಮೆ ನೋಡುತ್ತೀರಾ ಎಂದರು. ಅಕ್ಷರ ಮುದ್ದಾಗಿತ್ತು. ಮೊದಲ ವಾಕ್ಯ ‘ಒತ್ತಡಕ್ಕೆ ಒಳಗಾಗಿ’ ಎಂದು ಆರಂಭವಾಗಿತ್ತು. ಅದರ ಬದಲು ಯಾರು, ಎಂದು, ಏನು ಹೇಳಿದರೆಂದು ಬರೆಯಬಹುದೇ ಎಂದು ನಾವು ಕೇಳಿದೆವು. ಹೆಸರು ಬರೆಯುವುದು ಕಷ್ಟ, ಅವರು ನನಗೆ ಉಪಕಾರ ಮಾಡಿದವರು ಎಂದರು ಅವರು. ಹಾಗಾದರೆ ಅದು ಹಂಗು. ಹಂಗೆಂದೇ ಬರೆಯಿರಿ ಎಂದೆವು. ಅವರು ಬಹಳ ಹೊತ್ತು ಕಾಗದವನ್ನೇ ನೋಡುತ್ತಿದ್ದರು. ಕೊಡಲು ಹೋಗುವ ದಿನ ಜೊತೆಗೆ ಬರಬೇಕೆಂದರೆ ಬರುತ್ತೇವೆ, ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತೇವೆ ಎಂದು ಹೇಳಿದೆವು. ಅಷ್ಟರಲ್ಲಿ ಮಂಗಳಾರತಿಯ ಜಾಗಟೆ ಕೇಳಿತು. ಅವರು ಕಾಗದವನ್ನು ಮತ್ತೆ ಮಡಿಸಿ ಜೇಬಿನಲ್ಲಿಟ್ಟುಕೊಂಡು, “ಸೋಮವಾರ ಹತ್ತು ಗಂಟೆಗೆ” ಎಂದು ಒಳಗೆ ನಡೆದರು.